ಯಾಖೀನನ ನಡುಪಟ್ಟಿ

"ಅತ್ತಿಗೆ, ಅಣ್ಣನ ನಡುಪಟ್ಟಿ ನಿಮ್ಮ ಹತ್ರಾನೇ ಇದೆ. ಸುಮ್ನೆ ಸತಾಯಿಸ್ಬೇಡಿ, ಕೊಟ್ಬಿಡಿ."

ಪಶ್ಹೂರ ಬುಟ್ಟಿ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ. ಬುಟ್ಟಿಯ ತುಂಬ ಯಾಜಕರ ಹಳೆಯ ಚಲ್ಲಣಗಳು, ಸವೆದ ನಡುಪಟ್ಟಿಗಳು. ಪರ್ಣಶಾಲೆಗಳ ಹಬ್ಬಕ್ಕೆ ದೇವಾಲಯದ ಅಂಗಳದಲ್ಲಿ ಹಚ್ಚುವ ದೊಡ್ಡ ದೀಪಗಳಿಗೆ ಇವನ್ನೇ ಹರಿದು ಬತ್ತಿ ಹೊಸೆಯಬೇಕು. ಯೆರೂಸಲೇಮಿನಲ್ಲಿ ಯಾಜಕನ ಬಟ್ಟೆಗೆ ಚಿಂದಿಯಾದ ಮೇಲೂ ಚಾಕರಿ ತಪ್ಪಿದ್ದಲ್ಲ.

"ನನ್ನತ್ರ ಎಲ್ಲಿದೆಯಪ್ಪ?" ಎಂದಳು ಶಪ್ಪೀರಾ. ಹೇಳುತ್ತಿದ್ದಂತೆ ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಪಾಪ, ಸುಳ್ಳು ಹೇಳುವುದು ಅವಳಿಗೆ ಯಾವತ್ತೂ ಬರಲಿಲ್ಲ.

ಮೈದುನನ ಮುಖ ಬಿಳಿಚಿತು. "ಅಯ್ಯೋ ದೇವರೇ! ಸುತ್ಕೊಂಡಿದೀರಾ?"

ಉಣ್ಣೆಯನ್ನೂ ನಾರನ್ನೂ ಕೂಡಿಸಿ ನೇಯ್ದ ಪಟ್ಟಿ ಅದು. ಸೇವೆಗೆ ನಿಂತ ಯಾಜಕನನ್ನು ಬಿಟ್ಟರೆ ಬೇರೆ ಯಾರೂ ಅಂಥದ್ದನ್ನು ಮೈಮೇಲೆ ಹಾಕಿಕೊಳ್ಳುವಂತಿಲ್ಲ. ವಸಂತದಲ್ಲಿ ಅವಳ ಗಂಡ ಯಾಖೀನ ಬಲಿಪೀಠದ ಬಳಿ ಕುಸಿದಾಗ ಉಟ್ಟ ಬಟ್ಟೆಯಲ್ಲೇ ಅವನನ್ನು ಮನೆಗೆ ಹೊತ್ತು ತಂದಿದ್ದರು. ಜ್ವರ ಇಳಿಯಲಿಲ್ಲ, ಅವನು ಉಳಿಯಲಿಲ್ಲ. ಆಮೇಲೆ ಬಂದು ನಿಲುವಂಗಿ ಒಯ್ದವರು, ಹಾಸಿಗೆಯಡಿ ಸೇರಿದ್ದ ಪಟ್ಟಿಯನ್ನು ಮರೆತರು. ಶಪ್ಪೀರಾ ಮರೆಯಲಿಲ್ಲ. ಎಷ್ಟು ಸುತ್ತಿದರೂ ಮುಗಿಯದಷ್ಟು ಉದ್ದದ ಪಟ್ಟಿ. ಸುತ್ತಿಕೊಂಡು ಮಲಗಿದರೆ ನಿದ್ದೆಯಲ್ಲಿ ಗಂಡನ ತೋಳೇ ಬಳಸಿದ ಹಾಗೆ. ಎಚ್ಚರಕ್ಕೂ ಕನಸಿಗೂ ನಡುವೆ ಅವನು ಏನೋ ಹೇಳುತ್ತಿದ್ದ, ಅವಳು ಹೂಂ ಅನ್ನುತ್ತಿದ್ದಳು.

"ಅದು ದೇವಾಲಯದ್ದು ಅತ್ತಿಗೆ. ಅಣ್ಣಂದೂ ಅಲ್ಲ."

"ನಿಮ್ಮಣ್ಣ ಮಾತ್ರ ನನ್ನೋನಾಗಿದ್ನಾ? ಸೇವೆ ಸರದಿ ಅಂತ ದೇವಾಲಯದಲ್ಲೇ, ಹಬ್ಬ ಅಂತ ಅಲ್ಲೇ. ನನ್ನ ಪಾಲಿಗೆ ಉಳಿದಿರೋದು ಇಷ್ಟೇ ಕಣೋ. ಇದನ್ನೂ ಸುಟ್ಟುಬಿಡ್ತೀಯಾ?"

ಪಶ್ಹೂರ ಬುಟ್ಟಿಯನ್ನು ತೋಳಿಗೇರಿಸಿಕೊಂಡ. "ಇಟ್ಕೊಳ್ಳಿ. ನಾನು ಯಾರಿಗೂ ಬಾಯಿ ಬಿಡಲ್ಲ," ಎಂದು ಕಣ್ಣೊರೆಸುತ್ತ ಇಳಿದು ಹೊರಟ.

ಜಗಳಕ್ಕಾದರೆ ಅವಳು ಸಂಜೆಯವರೆಗೂ ನಿಲ್ಲುತ್ತಿದ್ದಳು. ಈ ಮಾತಿಗೆ ನಿಲ್ಲಲಾಗಲಿಲ್ಲ. "ತಾಳೋ," ಎಂದು ಕೂಗಿ ಒಳಗೆ ಹೋದಳು. ಕತ್ತಲ ಕೋಣೆಯಲ್ಲಿ ಮೆಲ್ಲನೆ ತಿರುಗುತ್ತ, ಸುತ್ತು ಸುತ್ತಾಗಿ ಬಿಚ್ಚಿದಳು. ತಂದು ಬುಟ್ಟಿಗೆ ಹಾಕಿದಾಗ ಅದಿನ್ನೂ ಬೆಚ್ಚಗಿತ್ತು.

"ಶುದ್ಧಿಯೆಲ್ಲಾ ನಾನೇ ಮಾಡಿಸ್ತೀನಿ ಅತ್ತಿಗೆ."

"ಹರಿಯುವಾಗ ಮೆತ್ತಗೆ ಹರಿಯೋ," ಎಂದಳು.

ಹಬ್ಬದ ಮೊದಲ ದಿನ ಕಳೆದ ಸಂಜೆ ಪಕ್ಕದ ಮನೆಯ ಮಹಲತ ಬಾಗಿಲಿಗೆ ಬಂದಳು. "ಬಾರೇ, ದೇವಾಲಯದ ಮೇಲಿನ ಜಗಲೀಲಿ ಜಾಗ ಹಿಡೀಬೇಕು. ಮುದುಕರೆಲ್ಲಾ ಪಂಜು ಎಸೆದು ಹಿಡೀತಾ ಕುಣೀತಾರೆ. ಹೋದ್ಸಲ ಒಬ್ಬನ ಗಡ್ಡಾನೇ ಹೊತ್ಕೊಂಡಿತ್ತು!"

"ನೀನು ನಡಿಯೇ. ನನಗೆ ಗೋಧಿ ಆರಿಸೋದಿದೆ."

"ಈ ಕತ್ತಲಲ್ಲಾ? ಸರಿಹೋಯ್ತು!"

ಆ ಪಟ್ಟಿ ಉರಿಯುವುದನ್ನು ಕಣ್ಣಾರೆ ನೋಡುವ ಧೈರ್ಯ ಶಪ್ಪೀರಾಳಿಗಿರಲಿಲ್ಲ. ಮೊರವನ್ನು ಮಡಿಲಲ್ಲಿಟ್ಟುಕೊಂಡು, ದೀಪವನ್ನೂ ಹಚ್ಚದೆ ಅಂಗಳದಲ್ಲಿ ಸುಮ್ಮನೆ ಕುಳಿತಳು. ಸೊಂಟ ಬರಿದೆನಿಸಿ ಚಳಿಯಾಗುತ್ತಿತ್ತು.

ದೇವಾಲಯದ ಬೆಟ್ಟದ ಮೇಲಿಂದ ಕೊಳಲಿನ ದನಿ ಕೇಳಿಸಿತು. ಆಮೇಲೆ ಗೋಡೆಯ ತಲೆ ಬೆಳ್ಳಗಾಯಿತು. ದೊಡ್ಡ ದೀಪಗಳ ಬೆಳಕು ಅವಸರವಿಲ್ಲದೆ ಗೋಡೆಯಿಳಿದು, ಅಂಜೂರದ ಎಲೆಗಳನ್ನು ಒಂದೊಂದಾಗಿ ತೋರಿಸಿ, ಹಬ್ಬಕ್ಕೆಂದು ಅಂಗಳದಲ್ಲಿ ಕಟ್ಟಿದ್ದ ಪರ್ಣಶಾಲೆಯ ಗರಿಗಳ ಸಂದಿಯಲ್ಲಿ ನುಸುಳಿ ಅವಳ ಪಾದಕ್ಕೆ ಬಂತು. ಅಲ್ಲಿಂದ ಮಡಿಲಿಗೆ ಬಂತು. ಮೊರದಲ್ಲಿ ಗೋಧಿಯ ಕಾಳು ಕಾಳೂ ಕಂಡಿತು. ಕಾಳಿನ ನಡುವಿನ ಗೆರೆ ಕೂಡ.

ಶಪ್ಪೀರಾ ಕಲ್ಲು ಆರಿಸತೊಡಗಿದಳು. ಅಳು ಬಂತು, ಅಳುತ್ತಲೇ ಆರಿಸಿದಳು. ಈ ಬೆಳಕಿನಲ್ಲಿ ಯಾವುದು ಯಾಖೀನನದು, ಯಾವುದು ಪರರದು ಎಂದು ಹೇಗೆ ಹೇಳುವುದು? ಊರಿನ ಅಂಗಳಗಳೆಲ್ಲ ಹೀಗೇ ಬೆಳಗಿರಬೇಕು. ಆದರೂ ಅವಳಿಗೆ ಚಳಿ ಬಿಟ್ಟಿತ್ತು.

ಮೊರ ಬರಿದಾಯಿತು. ಮೇಲೆ ಕೊಳಲು ಇನ್ನೂ ನಿಂತಿರಲಿಲ್ಲ. ಅವಳು ಒಮ್ಮೆ ಗೋಡೆಯತ್ತ ನೋಡಿದಳು. ಆರಿಸಿಟ್ಟ ಗೋಧಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು, ಮೊದಲಿನಿಂದ ಆರಿಸತೊಡಗಿದಳು.