ಪ್ಲೇಟು ಮಗುಚುವಷ್ಟು ಹೊತ್ತು

ನನ್ನ ಹೊಟ್ಟೆಯೊಳಗೆ ಚಕ್ಕುಲಿಯಂತೆ ಸುತ್ತಿದ ಒಂದು ಉಕ್ಕಿನ ಪಟ್ಟಿ ಇದೆ. ಕೀ ಕೊಟ್ಟರೆ ಅದು ಬಿಗಿಯುತ್ತದೆ, ಬಿಗಿದದ್ದೇ ಬಿಚ್ಚಿಕೊಳ್ಳಲು ಹಟ ಹಿಡಿಯುತ್ತದೆ. ಹಾಗಾಗಿ ಸುಮ್ಮನಿರುವುದು ನನ್ನ ಹುಟ್ಟಿನಲ್ಲೇ ಇಲ್ಲ. ನಾನು ಗ್ರಾಮಫೋನು. ಯಂತ್ರ ಹಡಗಿನಲ್ಲಿ ಬಂದದ್ದು. ಪೆಟ್ಟಿಗೆ ಮಾತ್ರ ಮಂಗಳೂರಿನ ಬಂದರಿನ ಹತ್ತಿರದ ಒಬ್ಬ ಆಚಾರಿ ಹಲಸಿನ ಹಲಗೆಯಲ್ಲಿ ಮಾಡಿದ್ದು. ಅವನು ಮೊದಲ ಸಲ ಕೀ ಕೊಟ್ಟಾಗ ನಾನು ಪ್ಲೇಟೇ ಇಲ್ಲದೆ ಗರಗರ ತಿರುಗಿದೆ. ಇದಕ್ಕೆ ಎಂತ ಅವಸರವಪ್ಪ ಎಂದು ಅವನು ನಕ್ಕದ್ದು ನೆನಪಿದೆ.

ಮೊದಲು ಸೇರಿದ್ದು ಹಂಚಿನ ಕಾರ್ಖಾನೆಯ ದೊರೆಯ ಬಂಗಲೆಯನ್ನು. ದೊರೆಸಾನಿಯ ಹತ್ತಿರ ಎರಡು ಪ್ಲೇಟುಗಳಿದ್ದವು. ಎರಡರ ನಾಲ್ಕು ಬದಿಗಳಲ್ಲಿ ಇದ್ದದ್ದು ಒಂದೇ ಸೊನಾಟಾ. ಆ ಸೊನಾಟಾ ಎಂದರೆ ಪಿಯಾನೋ ಒಂದೇ ನುಡಿಯುವ, ಮೂರು ಭಾಗಗಳ ಸಂಗೀತ. ಪ್ಲೇಟಿನ ಒಂದು ಬದಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಮೊದಲ ಭಾಗ ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಬಲಗೈಯ ಸ್ವರಗಳು ಮೆಟ್ಟಿಲು ಹತ್ತಿದಂತೆ ಮೇಲೆ ಮೇಲೆ ಹೋಗುತ್ತಿರುವಾಗಲೇ ಬದಿ ಮುಗಿದು, ಮುಳ್ಳು ಕರಕರ ಎನ್ನುತ್ತಿತ್ತು. ಆಗ ಯಾರಾದರೂ ಬಂದು ಮುಳ್ಳು ಎತ್ತಬೇಕು, ಪ್ಲೇಟು ಮಗುಚಬೇಕು, ಕೀ ಕೊಡಬೇಕು, ಮುಳ್ಳು ಇಳಿಸಬೇಕು. ಅಷ್ಟು ಹೊತ್ತು ಸಂಗೀತ ಒಂದು ಕಾಲು ಎತ್ತಿಕೊಂಡೇ ನಿಂತಿರುತ್ತಿತ್ತು. ನನಗೆ ಜೀವ ಹೋದ ಹಾಗೆ ಆಗುತ್ತಿತ್ತು.

ದೊರೆ ಊರಿಗೆ ಹಿಂತಿರುಗುವಾಗ ನನ್ನನ್ನೂ ಪ್ಲೇಟುಗಳನ್ನೂ ಹೆಣ್ಣುಮಕ್ಕಳ ಮಿಶನ್ ಶಾಲೆಗೆ ಕೊಟ್ಟರು. ಅಲ್ಲಿ ಪಿಯಾನೋ ಕಲಿಸುತ್ತಿದ್ದವರು ಹುಲ್ದಾ ಟೀಚರ್. ವಾತದಿಂದ ಅವರ ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾಗಿದ್ದವು. ದೊಡ್ಡ ಸಂಗೀತವನ್ನು ತಾವು ನುಡಿಸಿ ತೋರಿಸಲು ಆಗದ್ದರಿಂದ ನನ್ನಿಂದ ಕೇಳಿಸುತ್ತಿದ್ದರು. ನನ್ನ ಹಿಡಿ ತಿರುಗಿಸುವ ಶಕ್ತಿಯೂ ಅವರಿಗಿರಲಿಲ್ಲ. ಆ ಕೆಲಸಕ್ಕೆ ತಬಿತಳನ್ನು ಕರೆಯುತ್ತಿದ್ದರು.

ತಬಿತ ಬೋರ್ಡಿಂಗಿನ ಮಕ್ಕಳ ಹರಿದ ಬಟ್ಟೆ ಹೊಲಿಯುವವಳು. ಮೂವತ್ತು ದಾಟಿತ್ತು. ಎಂಟು ವರ್ಷ ಅವಳು ನನಗೆ ಕೀ ಕೊಟ್ಟಳು, ಪ್ಲೇಟು ಮಗುಚಿದಳು. ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದರೆ ಕೇಳುತ್ತಿದ್ದವಳು ಅವಳು. ಮಡಿಲಲ್ಲಿದ್ದ ಲಂಗದ ಮೇಲೆ ಅವಳ ಬೆರಳುಗಳು ಓಡಾಡುವುದು ನನಗೆ ಕಾಣುತ್ತಿತ್ತು. ಶನಿವಾರ ಮಕ್ಕಳೆಲ್ಲ ಬಟ್ಟೆ ಒಗೆಯಲು ಹೋದಾಗ ಅವಳು ಪಿಯಾನೋದ ಮುಂದೆ ಕೂತು ಒಂದೊಂದೇ ಮನೆ ಒತ್ತಿ ಸ್ವರ ಹುಡುಕುತ್ತಿದ್ದಳು. ಬಿಳಿ ಮನೆಯೋ, ಕರಿ ಮನೆಯೋ? ಸಿಗದಿದ್ದರೆ ಎದ್ದು ಬಂದು ನನಗೆ ಕೀ ಕೊಡುತ್ತಿದ್ದಳು. ಮತ್ತೆ ಓಡುತ್ತಿದ್ದಳು. ಪುಸ್ತಕದಲ್ಲಿ ಬರೆದ ಸ್ವರ ಓದಲು ಅವಳಿಗೆ ಬರುತ್ತಿರಲಿಲ್ಲ. ಇದ್ದ ಪುಸ್ತಕ ನಾನೊಬ್ಬನೇ.

ಅಡುಗೆಯ ಲೋವಿಸಮ್ಮ ಬಾಗಿಲಲ್ಲಿ ನಿಂತು, ನೀನು ಅದನ್ನು ಕುಟ್ಟಿದ ಹಾಗೆ ಮಕ್ಕಳ ರವಿಕೆಯ ಗುಂಡಿಯೆಲ್ಲ ಉದುರುವುದು ಎಂದು ಹಂಗಿಸುತ್ತಿದ್ದಳು. ತಬಿತ ಮುಂದಿನ ಮನೆ ಒತ್ತುತ್ತಿದ್ದಳು. ಮೂರೂ ಭಾಗ ಕೈಗೆ ಹತ್ತಲು ಅವಳಿಗೆ ಐದು ವರ್ಷ ಬೇಕಾಯಿತು.

ಆಮೇಲೆ ಹುಲ್ದಾ ಟೀಚರ್ ನಿವೃತ್ತರಾಗುವ ಸುದ್ದಿ ಬಂತು. ಇಲ್ಲಿ ಯಾರೂ ಸಿಗದಿದ್ದರೆ ಶಾಲೆಯ ಸಮಿತಿಯವರು ಮದರಾಸಿನಿಂದ ಒಬ್ಬರನ್ನು ಕರೆಸುವವರಿದ್ದರು. ಹೊಸಬರು ಬಂದರೆ ಆ ಕೋಣೆಯ ಬಾಗಿಲು ತಬಿತಳಿಗೆ ಮುಚ್ಚಿದ ಹಾಗೆಯೇ. ಅವಳು ಟೀಚರ ಹತ್ತಿರ ಹೋಗಿ, ನಾನೊಮ್ಮೆ ನುಡಿಸುತ್ತೇನೆ, ಕೇಳಿ ಎಂದಳು. ಟೀಚರ್ ನಗಲಿಲ್ಲ. ಕೂತು ಕೇಳಿದರು.

ನನ್ನ ಸ್ಪ್ರಿಂಗ್ ಹಳತು. ಪ್ರತಿ ಬದಿಯ ಕೊನೆಯಲ್ಲಿ ನಾನು ದಣಿದು ನಿಧಾನವಾಗುತ್ತೇನೆ. ಮೊದಲ ಬದಿ ಮುಗಿಯುವ ಜಾಗ ಹತ್ತಿರವಾದಂತೆ ತಬಿತಳೂ ನಿಧಾನವಾದಳು. ಟೀಚರ್ ಕಣ್ಣು ಮುಚ್ಚಿ, ಭಾವ ಉಂಟು ಎಂದು ತಲೆದೂಗಿದರು. ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಸ್ವರಗಳು ಮೆಟ್ಟಿಲು ಹತ್ತತೊಡಗಿದವು. ತಬಿತ ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಪ್ಲೇಟು ಮಗುಚಿ ಕೀ ಕೊಡುವಷ್ಟು ಹೊತ್ತು ಕಾದಳು. ಆಮೇಲೆ ಮುಂದುವರಿಸಿದಳು.

"ಅಲ್ಲಿ ಎಂತಕ್ಕೆ ನಿಂತದ್ದು?" ಟೀಚರ್ ಕೇಳಿದರು.

"ಅಲ್ಲಿ ನಿಲ್ತದಲ್ಲ ಟೀಚರೇ."

"ನಿಲ್ಲುದು ಪ್ಲೇಟು ಮಾರಾಯ್ತಿ. ಬರೆದವ ನಿಲ್ಲಿಸ್ಲಿಲ್ಲ. ಇಷ್ಟು ವರ್ಷ ನಿಲ್ಲಿಸಿದ್ದು ನೀನೇ."

ತಬಿತಳ ಮುಖ ಬಿಳಚಿತು. ನನ್ನೊಳಗೂ ಏನೋ ಸಡಿಲವಾಯಿತು. ಆ ಒಂದು ಜಾಗವನ್ನು ನಾನು ಯಾವತ್ತೂ ನುಡಿಸಿರಲಿಲ್ಲ. ಅವಳಿಗೆ ಕಲಿಸುವುದಾದರೂ ಹೇಗೆ?

ಆದರೂ ಟೀಚರ್ ಸಮಿತಿಗೆ ಅವಳ ಹೆಸರನ್ನೇ ಹೇಳಿದರು. ಸಮಿತಿಯವರು ಬಂದು ಕೇಳುವ ಪರೀಕ್ಷೆಗೆ ಮೂರು ವಾರ ಇತ್ತು. ದಿನವೂ ಕೂತಳು. ದಿನವೂ ಆ ಜಾಗ ಬಂದದ್ದೇ ಕೈ ತಾನಾಗಿ ಏಳುತ್ತಿತ್ತು. ಒಮ್ಮೆಯಂತೂ ಎಡಗೈ ಪಕ್ಕಕ್ಕೆ ಚಾಚಿ, ಇಲ್ಲದ ಪ್ಲೇಟನ್ನು ಗಾಳಿಯಲ್ಲೇ ಮಗುಚಿತು. ಟೀಚರ್ ಹಿಂದೆ ನಿಂತು ತಮ್ಮ ಸೊಟ್ಟ ಕೈಯಿಂದ ಅವಳ ಬೆನ್ನನ್ನು ಮುಂದಕ್ಕೆ ತಳ್ಳಿದರು. ಆಗಲೂ ನಿಂತಳು. ಸರಿಯಾಗಿ ಕೇಳಿಕೊಳ್ಳಬೇಕೆಂದು ನನ್ನ ಬಳಿ ಬಂದು ಪೂರ್ತಿ ಕೀ ಕೊಟ್ಟಳು. ಟೀಚರ್ ತಡೆದರು.

"ಬೇಡ. ಅದನ್ನು ಕೇಳಿಯೇ ನೀನು ಹೀಗಾದದ್ದು. ಬಟ್ಟೆ ಮುಚ್ಚು ಅದಕ್ಕೆ."

ಹಳೆಯ ಹೊದಿಕೆಯೊಂದು ನನ್ನ ಮೇಲೆ ಬಿತ್ತು. ಬಿಗಿದ ಸ್ಪ್ರಿಂಗ್ ಬಿಗಿದ ಹಾಗೆಯೇ ಉಳಿಯಿತು. ಒಂದು ಸುತ್ತೂ ತಿರುಗಲಾರದೆ, ಹೊಟ್ಟೆಯಲ್ಲಿ ಓಟವನ್ನು ಇಟ್ಟುಕೊಂಡು ನಾನು ಕತ್ತಲಲ್ಲಿ ಕೂತೆ. ಹೊರಗೆ ಅವಳು ಹತ್ತುತ್ತಿದ್ದಳು, ನಿಲ್ಲುತ್ತಿದ್ದಳು. ಮತ್ತೆ ಮೊದಲಿನಿಂದ ಹತ್ತುತ್ತಿದ್ದಳು. ನನ್ನಿಂದಲೇ ಅವಳ ಬದುಕು ಕೆಡುತ್ತದಲ್ಲ ಎಂದು ನನ್ನ ಒಂದೊಂದು ಮೊಳೆಯೂ ಚಡಪಡಿಸುತ್ತಿತ್ತು.

ಪರೀಕ್ಷೆಯ ದಿನ ಸಮಿತಿಯ ಮೂವರು ಬಂದರು. ಕುರ್ಚಿ ಎಳೆದ ಸದ್ದು ಕೇಳಿಸಿತು, ಕೆಮ್ಮು ಕೇಳಿಸಿತು. ಹಿರಿಯರಾದ ಎಜ್ರ ಮಾಸ್ತರರು, ಸುರು ಮಾಡಮ್ಮ ಎಂದರು.

ತಬಿತ ಸುರು ಮಾಡಿದಳು. ಮಾಮೂಲಿಗಿಂತ ಬೇಗ ನುಡಿಸುತ್ತಿದ್ದಳು. ನಾನು ಸ್ವರಗಳನ್ನು ಎಣಿಸುತ್ತಿದ್ದೆ. ಮೆಟ್ಟಿಲು ಬಂತು. ಒಂದು, ಎರಡು, ಮೂರು. ಇಲ್ಲಿಯೇ ಪ್ಲೇಟು ಮುಗಿಯುವುದು. ಒಂದು ಬೆರಳು ತಡವರಿಸಿತು, ಒಂದು ಸ್ವರ ತಪ್ಪಿ ಬಿತ್ತು. ಕೈ ಮಾತ್ರ ಏಳಲಿಲ್ಲ. ಅವಳು ದಾಟಿದಳು.

ಆ ಮೇಲಿನ ಮೆಟ್ಟಿಲಿನಿಂದ ಸಂಗೀತ ಒಂದೇ ಉಸಿರಿಗೆ ಮುಂದಕ್ಕೆ ಜಿಗಿಯಿತು. ಅದು ಹೀಗೆಂದು ನನಗೆ ಗೊತ್ತೇ ಇರಲಿಲ್ಲ. ಸಾವಿರ ಸಲ ನನ್ನ ಮೈಮೇಲೆ ತಿರುಗಿದ್ದನ್ನು ಪೂರ್ತಿಯಾಗಿ ನಾನು ಕೇಳಿದ್ದು ಅಂದೇ, ಹೊದಿಕೆಯ ಕೆಳಗೆ, ಒಬ್ಬ ಹೊಲಿಯುವವಳ ಕೈಯಿಂದ.

ಅವಳು ಆಮೇಲೆ ಎಲ್ಲಿಯೂ ನಿಲ್ಲಲೇ ಇಲ್ಲ. ಎರಡನೆಯ ಭಾಗಕ್ಕೆ ಹೋಗುವ ಮುನ್ನ ಬಿಡುವು ಇದೆ, ಮೂರನೆಯದಕ್ಕೂ ಇದೆ. ಆ ಬಿಡುವನ್ನೂ ಕೊಡದೆ ಮೂರನ್ನೂ ಒಂದೇ ಹಗ್ಗದ ಹಾಗೆ ಎಳೆದು ಮುಗಿಸಿದಳು.

"ಮೂರು ಭಾಗ ಅಂತ ಹೇಳಿದ್ದರು," ಎಜ್ರ ಮಾಸ್ತರರು ಎಂದರು. "ನೀನು ಒಂದೇ ಬಾರಿಸಿದ್ದಲ್ಲ?"

"ಮೂರೂ ಆಯ್ತು ಅಯ್ಯ. ನಿಲ್ಲಿಕ್ಕಿಲ್ಲ ಅಂತ ಟೀಚರ್ ಹೇಳಿದ್ರು."

ಹುಲ್ದಾ ಟೀಚರ್ ಕರವಸ್ತ್ರದಲ್ಲಿ ನಕ್ಕದ್ದು ನನಗೆ ಕೇಳಿಸಿತು. ಮೂವರೂ ಹೊರಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದರು. ಎರಡು ವರ್ಷದೊಳಗೆ ಪುಸ್ತಕ ನೋಡಿ ನುಡಿಸಲು ಕಲಿಯಬೇಕು, ಅಲ್ಲಿಯವರೆಗೆ ಸಣ್ಣ ಮಕ್ಕಳ ಪಾಠ ಮಾತ್ರ ಎಂದು ಕರಾರು ಮಾಡಿ ಕೆಲಸ ಕೊಟ್ಟರು. ತಬಿತ ಒಂದೂವರೆ ವರ್ಷದಲ್ಲಿ ಕಲಿತಳು.

ಅವಳಿಗೆ ಪುಸ್ತಕ ಓದಲು ಬಂದ ಮೇಲೆ ನನ್ನ ಅಗತ್ಯ ಕಡಿಮೆಯಾಯಿತು. ಒಂದು ದಿನ ಯಾರೋ ಹೆಚ್ಚು ಕೀ ಕೊಟ್ಟು ಸ್ಪ್ರಿಂಗ್ ಪಟ್ಟೆಂದು ತುಂಡಾಯಿತು. ನನ್ನನ್ನು ಕಪಾಟಿನ ಮೇಲೆ ಏರಿಸಿದರು. ಸ್ಪ್ರಿಂಗ್ ಹೋದರೆ ಚಡಪಡಿಕೆಯೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಅದು ಉಕ್ಕಿನಲ್ಲಿ ಇದ್ದದ್ದಲ್ಲವೆಂದು ಈ ಮುದಿಪ್ರಾಯದಲ್ಲಿ ತಿಳಿಯಿತು.

ಕೆಳಗೆ ಹುಡುಗಿಯರು ಅದೇ ಸೊನಾಟಾವನ್ನು ಕಲಿಯುತ್ತಾರೆ. ಊಟದ ಗಂಟೆ ಹೊಡೆದರೆ ಎಲ್ಲಿದ್ದರೂ ಅಲ್ಲೇ ಕೈ ಎತ್ತಿ ಓಡುತ್ತಾರೆ. ಮುಂದಿನ ಸ್ವರ ಯಾವುದೆಂದು ನನಗೆ ಗೊತ್ತು, ಹೇಳುವ ಬಾಯಿ ಇಲ್ಲ. ನರೆತ ತಲೆಯ ತಬಿತ ಟೀಚರ್ ಕನ್ನಡಕ ತೆಗೆದು, ಖಾಲಿ ಪಿಯಾನೋವನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತಿರುತ್ತಾಳೆ. ಆಮೇಲೆ ತಡೆಯಲಾರದೆ ಎದ್ದು, ನಿಂತೇ ಒಂದು ಕೈಯಲ್ಲಿ ಆ ಉಳಿದದ್ದನ್ನು ನುಡಿಸಿ, ಊಟಕ್ಕೆ ಹೋಗುತ್ತಾಳೆ.