ಓಡಿಸಿಕೊಂಡು ಹೋದವರು

ಬೆಳಿಗ್ಗೆ ಹತ್ತೂವರೆಗೆ ಬಸ್ ಡ್ರೈವರ್ ಸಾಕ್ಷಿ ಹೇಳಬೇಕಿತ್ತು. ದೂರು ಕೊಟ್ಟವನು ಅವನೇ. ಮಗಳಿಗೆ ಆಗ ಹದಿನೇಳು, ಹುಡುಗನಿಗೆ ಹದಿನೆಂಟು ತುಂಬಿ ಕೆಲವೇ ತಿಂಗಳು. ಇಬ್ಬರೂ ಮನೆಯಲ್ಲಿ ಹೇಳದೆ ಪಕ್ಕದ ಊರಿನಲ್ಲಿದ್ದ ಹುಡುಗನ ಸೋದರತ್ತೆಯ ಮನೆಗೆ ಹೋಗಿದ್ದರು. ಪೊಲೀಸರು ಅಲ್ಲಿಂದ ಕರೆತಂದು ವರ್ಷವಾಗಿತ್ತು. ಹುಡುಗ ಜೈಲಿನಲ್ಲಿದ್ದ. ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಹುಡುಗ ವೈರಿಂಗ್ ಕೆಲಸದವನು. ಡಿಪೋದಲ್ಲಿ ದೀಪ ಕೆಟ್ಟರೆ ಅವನನ್ನೇ ಕರೆಯುತ್ತಿದ್ದರು. ಅಲ್ಲಿ ಎಲ್ಲರ ಬಾಯಲ್ಲೂ ಅವನು ‘ಬಲ್ಬು’. ಅಪ್ಪನಿಗೆ ಊಟದ ಡಬ್ಬಿ ತರುತ್ತಿದ್ದ ಹುಡುಗಿಗೆ ಅವನ ಪರಿಚಯವಾದದ್ದು ಅಲ್ಲೇ.

ಕೋರ್ಟಿಗೆ ಹೊರಡುವ ಮುಂಚೆ ಡಿಪೋ ಕ್ಯಾಂಟೀನಿನಲ್ಲಿ ಕಂಡಕ್ಟರ್ ಬಂದು ಎದುರಿಗೆ ಕೂತ. ಇಬ್ಬರೂ ಬಹಳ ಕಾಲದಿಂದ ಒಂದೇ ಗಾಡಿಯಲ್ಲಿ ದುಡಿದವರು.

“ಇವತ್ತೂ ಅದನ್ನೇ ಹೇಳ್ತೀಯೇನಣ್ಣ? ಓಡಿಸ್ಕೊಂಡು ಹೋದ ಅಂತ?”

“ಮತ್ತೇನು ಹೇಳ್ಲಿ? ಲೋಕವೆಲ್ಲ ಹಾಗೇ ತಾನೆ ಹೇಳೋದು.”

“ಅವರು ಹೊರಟ ದಿನ ನಿನಗೆ ರಜೆ. ಬೇರೆಯವರ ಡ್ಯೂಟಿ ಹಾಕಿಸ್ಕೊಂಡು ಬಂದೆ. ಮಗೂಗೆ ಅದು ಗೊತ್ತಿರ್ಲಿಲ್ಲ. ನಮ್ಮ ಗಾಡಿಗೇ ಹಿಂದಿನ ಬಾಗಿಲಲ್ಲಿ ಹತ್ತಿದ್ಮೇಲೆ ಕನ್ನಡೀಲಿ ನಿನ್ನ ಮುಖ ಕಂಡು ಸೀಟಿನ ಮರೆಗೆ ಕುಗ್ಗಿಬಿಟ್ಲು. ‘ಎರಡು ಕೊಡಿ ಮಾವ, ಅಪ್ಪಂಗೆ ಹೇಳ್ಬೇಡಿ’ ಅಂದ್ಲು. ಸಿನಿಮಾಕ್ಕೆ ಹೊರಟಿದಾರೆ ಅಂದ್ಕೊಂಡೆ.”

ಡ್ರೈವರ್ ಲೋಟ ಕೆಳಗಿಟ್ಟ. “ಬಲ್ಬು?”

“ಅವನ ಮುಖದಲ್ಲಿ ಬೆಳಕೇ ಇರ್ಲಿಲ್ಲ ಬಿಡು. ಇಳಿದುಬಿಡೋಣ, ಇಳಿದುಬಿಡೋಣ ಅಂತಿದ್ದ. ಇವಳೇ ತೋಳು ಹಿಡಿದು ಕೂರಿಸಿದ್ಲು.”

“ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೋ.”

“ನಿನ್ನ ಮೂಗಿನ ತುದಿ ಸಿಟ್ಟಿಗೆ ಹೆದರಿ. ಓಡಿಸ್ಕೊಂಡು ಹೋದವನು ಅವನಲ್ಲ ಕಣಣ್ಣ, ನೀನು.”

ಕಟಕಟೆಯಲ್ಲಿ ಹುಡುಗನ ವಕೀಲರು ಮೊದಲು ಕೇಳಿದ್ದು ಅದನ್ನೇ.

“ಓಡಿಸಿಕೊಂಡು ಹೋದ ಅಂತ ದೂರಿನಲ್ಲಿದೆ. ನೀವು ಕಣ್ಣಾರೆ ಕಂಡಿರಾ?”

“ಇಲ್ಲ ಸ್ವಾಮಿ.”

“ಹಾಗಾದರೆ ಯಾರು ಓಡಿಸಿದ್ದು?”

“ನಾನೇ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಪೆನ್ನು ಎತ್ತಿ ಹಿಡಿದು, “ಬಿಡಿಸಿ ಹೇಳಿ” ಎಂದರು.

“ನಾನು ಓಡಿಸ್ತಿದ್ದ ಗಾಡೀಲೇ ಕೂತಿದ್ರಂತೆ ಸ್ವಾಮಿ. ನನಗೂ ಗೊತ್ತಾಗಿದ್ದು ಇವತ್ತೇ. ಟಿಕೆಟ್ ತಗೊಂಡಿದ್ದು ನನ್ನ ಮಗಳು. ಹುಡುಗ ಇಳಿದುಬಿಡೋಣ ಅಂದ್ನಂತೆ. ನಾನು ಸಿಟ್ಟಲ್ಲಿ ದೂರು ಕೊಟ್ಟೆ. ನಾಲ್ಕು ಬೈದು, ಬುದ್ಧಿ ಹೇಳಿ ಕಳಿಸ್ತಾರೆ ಅಂದ್ಕೊಂಡಿದ್ದೆ.”

ಕಂಡಕ್ಟರನನ್ನೂ ಕರೆಸಿದರು. ಅವನೂ ಅದನ್ನೇ ಹೇಳಿದ.

ಮುಂದಿನ ತಿಂಗಳು ತೀರ್ಪು ಬಂತು. ಅಪಹರಣದ ಆರೋಪ ಬಿದ್ದುಹೋಯಿತು. ಎರಡನೆಯದು, ಪೋಕ್ಸೋ ಕಾಯ್ದೆಯಡಿ ಲೈಂಗಿಕ ದೌರ್ಜನ್ಯದ ಆರೋಪ, ಉಳಿಯಿತು. ಜೊತೆಗಿದ್ದುದನ್ನು ಇಬ್ಬರೂ ಒಪ್ಪಿದ್ದರು, ಅದು ತನ್ನ ಇಷ್ಟವೇ ಆಗಿತ್ತು ಎಂದು ಹುಡುಗಿ ಹೇಳಿದ್ದಳು. ಹದಿನೆಂಟು ತುಂಬದವರ ಇಷ್ಟ ಆ ಕಾನೂನಿನಲ್ಲಿ ಲೆಕ್ಕಕ್ಕಿಲ್ಲ. ಕನಿಷ್ಠ ಶಿಕ್ಷೆ ಹತ್ತು ವರ್ಷ.

“ಈ ಪ್ರಕರಣಕ್ಕೆ ಇದು ಹೆಚ್ಚು ಎಂದು ನನ್ನ ಅಭಿಪ್ರಾಯ. ಇಳಿಸುವ ಅಧಿಕಾರ ನನಗಿಲ್ಲ,” ಎಂದು ನ್ಯಾಯಾಧೀಶರು ಓದಿದರು. ಬಲ್ಬು ತಲೆಯೆತ್ತಿ ಛಾವಣಿಯ ದೀಪ ನೋಡುತ್ತಾ ನಿಂತಿದ್ದ.

ಹೊರಗೆ ಡ್ರೈವರ್ ಹುಡುಗನ ವಕೀಲರನ್ನು ಅಡ್ಡಗಟ್ಟಿದ. “ದೂರು ವಾಪಸ್ ತಗೊಂಡ್ರೆ?”

“ಅದು ನಿಮ್ಮ ಕೈಮೀರಿ ಹೋಯ್ತು ಯಜಮಾನರೇ. ಮೇಲ್ಮನವಿ ಹಾಕ್ತೀವಿ. ಅಲ್ಲೂ ಇದೇ ಕಾನೂನು, ಆದ್ರೂ ಹಾಕ್ತೀವಿ.”

“ಅಲ್ಲಿಗೂ ನಾನು ಬಂದು ಹೇಳ್ತೀನಿ.”

“ಹೇಳಬೇಕಾದ್ದು ಹೇಳಿದ್ದೀರಿ. ಅಲ್ಲಿ ಕಾಗದ ನೋಡ್ತಾರೆ, ಅಷ್ಟೆ.”

ಜೈಲಿನಲ್ಲಿ ಭೇಟಿಗೆ ಬಿಡುವುದು ಶನಿವಾರ. ಡ್ರೈವರ್ ಡ್ಯೂಟಿ ಬದಲಿಸಿಕೊಂಡು ಆ ಮಾರ್ಗದ ಗಾಡಿ ತೆಗೆದುಕೊಂಡ. ಮಗಳು ಹಿಂದಿನ ಬಾಗಿಲಲ್ಲಿ ಹತ್ತಿ ಒಂದು ಟಿಕೆಟ್ ತೆಗೆದುಕೊಂಡಳು. ಜೈಲಿನ ಸ್ಟಾಪ್ ಬಂದಾಗ ಮುಂದಿನ ಬಾಗಿಲಿಗೆ ಬಂದು ನಿಂತಳು.

“ವಾಪಸ್ ಗಾಡಿ ಎಷ್ಟೊತ್ತಿಗೆ?”

“ಮೂರೂವರೆಗೆ.”

ಮೂರೂವರೆಗೆ ಗಾಡಿ ಬಂದಾಗ ಅವಳು ಸ್ಟಾಪಿನಲ್ಲಿ ನಿಂತಿದ್ದಳು.