ಹನುಮಂತಯ್ಯನ ಹೊಲಕ್ಕೆ ಬಂದ ಮಂದೆ

ಸಾವನದುರ್ಗದ ಬಂಡೆ ಮುಟ್ಟಿ ಹೇಳುವ ಮಾತು ಇದು, ಒಂದೆಳೆಯೂ ಸುಳ್ಳಿಲ್ಲ. ಸುಳ್ಳಿದ್ದರೆ ಆ ಬಂಡೆಯೇ ಎದ್ದು ಮಾಗಡಿ ಬಸ್‌ಸ್ಟ್ಯಾಂಡಿಗೆ ನಡೆದು ಬರಲಿ, ಟಿಕೆಟ್ಟು ತೆಗೆದುಕೊಳ್ಳಲಿ.

ಆ ಬಂಡೆ ಕಾಣುವಷ್ಟು ದೂರದಲ್ಲಿ ಒಂದು ಕೆರೆ. ಏರಿಯ ಈಚೆಗೆ ಮಂದೆದೊಡ್ಡಿ, ಆಚೆಗೆ ಕೆಂಗಲ್ಲುಪಾಳ್ಯ. ದೊಡ್ಡಿಯವರು ಕುರಿಯವರು, ಪಾಳ್ಯದವರು ಹೊಲದವರು. ಹಸು ಎರಡೂ ಕಡೆ ಇದ್ದವು, ಎರಡೂರಿಗೂ ಸೇರಿ ಒಂದೇ ಹಾಲಿನ ಸಂಘ, ಡೈರಿ ಮಾತ್ರ ಪಾಳ್ಯದಲ್ಲಿ.

ದೊಡ್ಡಿಯ ಕಾಳಯ್ಯನಿಗೂ ಪಾಳ್ಯದ ಹನುಮಂತಯ್ಯನಿಗೂ ಮೀಸೆ ಬರುವ ಮೊದಲಿನ ಸ್ನೇಹ. ರಾಗಿ ಕುಯಿಲು ಮುಗಿದ ಮೇಲೆ ಕಾಳಯ್ಯನ ಮಂದೆ ರಾತ್ರಿ ಹೊತ್ತು ಹನುಮಂತಯ್ಯನ ಹೊಲದಲ್ಲೇ ತಂಗಬೇಕು. ಹೊಲಕ್ಕೆ ಗೊಬ್ಬರ, ಕಾಳಯ್ಯನ ಮನೆಗೆ ರಾಗಿ. ಮಂದೆ ಮಲಗಿದ ವರ್ಷ ಆ ಹೊಲದ ರಾಗಿ ಹೇಗೆ ಬರುತ್ತಿತ್ತೆಂದರೆ, ಗುಬ್ಬಿ ಬಂದು ಕೂತರೆ ತೆನೆ ಬಾಗುತ್ತಿರಲಿಲ್ಲ, ಗುಬ್ಬಿಯೇ ಬಾಗುತ್ತಿತ್ತು.

ಇಂಥ ಊರುಗಳ ನಡುವೆ ವೋಟು ಬಂತು. ದೊಡ್ಡಿಯವರು ಸಂಘದಲ್ಲಿ ಇರಬೇಕೋ, ಬಿಟ್ಟು ಹೋಗಿ ಬೇರೆ ಡೈರಿ ಮಾಡಿಕೊಳ್ಳಬೇಕೋ ಎಂದು ಚೀಟಿ ಹಾಕುವ ವೋಟು. ಬಿಡಬೇಕು ಎಂದು ಊರೆಲ್ಲ ಓಡಾಡಿದವನು ಬೈರೇಶ. ನಮ್ಮ ಹಸು ಗಟ್ಟಿ ಹಾಲು ಕೊಟ್ಟರೂ ಅವರ ಹಾಲು ನೋಡುವ ಮಿಷನ್ನಿನಲ್ಲಿ ಅದು ನೀರಾಗುತ್ತದೆ, ಸಂಘದ ಕುರ್ಚಿಯಲ್ಲಿ ನಮ್ಮವನೊಬ್ಬ ಕೂತದ್ದುಂಟೇ, ಸಾಲಿನಲ್ಲಿ ನಮ್ಮ ಹೆಂಗಸರು ಯಾವತ್ತಿದ್ದರೂ ಹಿಂದೆಯೇ ಎಂದ. ಸುಳ್ಳೇನಲ್ಲ. ಉಳಿಯೋಣ ಎಂದವರದ್ದೂ ಸುಳ್ಳಲ್ಲ. ಅರ್ಧ ಕ್ಯಾನಿಗೋಸ್ಕರ ಹಾಲಿನ ಗಾಡಿ ಈ ಮೂಲೆಗೆ ಬರುತ್ತದೆಯೇ, ಹಸು ಕೆಳಗೆ ಬಿದ್ದ ದಿನ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದವನು ಹನುಮಂತಯ್ಯನ ಮಗ ಅಶ್ವಥನಲ್ಲವೇ ಎಂದು ಅವರ ವಾದ.

ಮೂರೇ ವೋಟಿನ ಅಂತರದಲ್ಲಿ ಬಿಡುವುದೇ ಗೆದ್ದಿತು. ಬಿಡಲಿ ಎಂದು ಹಾಕಿದವರಲ್ಲಿ ಕಾಳಯ್ಯ ಒಬ್ಬ. ಉಳಿಯಲಿ ಎಂದು ಹಾಕಿದವರಲ್ಲಿ ಅವನ ಹೆಂಡತಿ ಸರಸಮ್ಮ ಒಬ್ಬಳು.

ಜಗಳ ಶುರುವಾದದ್ದು ಗೆದ್ದ ಮೇಲೆ. ಮಾಗಡಿ ಬಸ್ಸಿನಲ್ಲಿ ದೊಡ್ಡಿಯವರೆಲ್ಲ ಎಡಕ್ಕೆ, ಪಾಳ್ಯದವರೆಲ್ಲ ಬಲಕ್ಕೆ ಕೂರತೊಡಗಿದರು. ಡ್ರೈವರು, ಅತ್ತ ನಾಲ್ಕು ಜನ ಇತ್ತ ಬನ್ನಿ, ಬಸ್ಸು ವಾಲುತ್ತಿದೆ ಎಂದು ಗೋಗರೆದ. ದೊಡ್ಡಿಯೊಳಗೇ ಅಣ್ಣ ತಮ್ಮಂದಿರು, ನೀನು ಯಾವ ಚೀಟಿ ಹಾಕಿದೆ ಎಂದು ಕತ್ತಿನ ಪಟ್ಟಿ ಹಿಡಿದರು. ಎರಡೂರಿಗೂ ಒಂದು ವಾಟ್ಸಾಪ್ ಗ್ರೂಪಿತ್ತು. ಬೈರೇಶ ಅರಳಿಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ದೊಡ್ಡಿಯವರನ್ನೆಲ್ಲ ಅದರಿಂದ ಹೊರಗೆ ತಂದ. ಕಾಳಯ್ಯನೂ ಫೋನು ಕೊಟ್ಟ.

ಟೀ ಅಂಗಡಿಯಲ್ಲಿ ಹನುಮಂತಯ್ಯ ಸಿಕ್ಕಿದ. ಬೈಯಲಿಲ್ಲ. ಮಂದೆ ಯಾವಾಗ ತರುತ್ತೀಯ ಎಂದಷ್ಟೇ ಕೇಳಿದ. ಸುತ್ತ ದೊಡ್ಡಿಯ ಹುಡುಗರು ನೋಡುತ್ತಿದ್ದರು. ಕಾಳಯ್ಯನ ಬಾಯಿಂದ ಬರಬಾರದ್ದು ಬಂತು.

"ನಿನ್ ಹೊಲಕ್ಕೆ ಇನ್ನು ನನ್ ಕುರಿ ಕಾಲಿಡಕ್ಕಿಲ್ಲ ಕಣ್ಲಾ."

ಹನುಮಂತಯ್ಯ ಲೋಟ ಕೆಳಗಿಟ್ಟ. "ನಿಂಗಿಲ್ದೆ ಇದ್ರೂ ಕುರಿಗೆ ಬುದ್ಧಿ ಐತೆ. ಅವು ಬತ್ತವೆ ಬುಡು" ಎಂದು ಎದ್ದು ಹೋದ.

ವಾರವೂ ಕಳೆದಿರಲಿಲ್ಲ, ಪಾಳ್ಯದ ಕಡೆಯಿಂದ ತಮಟೆ ಕೇಳಿಸಿತು. ಸಾವಿನ ತಮಟೆ. ಆ ಸೀಮೆಯಲ್ಲಿ ಒಂದೂರಿನಲ್ಲಿ ಸಾವಾದರೆ ಇನ್ನೊಂದೂರಿನವರು ಬೇಯಿಸಿಕೊಂಡು ಹೋಗಬೇಕು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆ ಊಟ ಬರುವ ತನಕ ಕಾಯುತ್ತಾರೆ. ಸರಸಮ್ಮ ರಾಗಿ ಹಿಟ್ಟಿನ ಡಬ್ಬ ಕೆಳಗಿಳಿಸಿದಳು. ಹೇಳಿ ಕಳಿಸಲಿ, ಆಮೇಲೆ ಹೋಗೋಣ ಎಂದ ಬೈರೇಶ. ಊರೂ ಹಾಗೇ ಎಂದಿತು. ಯಾರೂ ಹೇಳಿ ಕಳಿಸಲಿಲ್ಲ. ಪಾಳ್ಯದಲ್ಲೊಬ್ಬಳು ಮುದುಕಿ ಹತ್ತು ವರ್ಷದಿಂದ ಇವತ್ತೋ ನಾಳೆಯೋ ಎನ್ನುತ್ತಿದ್ದಳು, ಅವಳೇ ಇರಬೇಕು ಎಂದುಕೊಂಡು ಕಾಳಯ್ಯ ಜಗಲಿಯಲ್ಲಿ ಕೂತು, ತಮಟೆ ಕೇಳುತ್ತಾ ಬೀಡಿ ಸೇದಿದ. ಸರಸಮ್ಮ ಡಬ್ಬವನ್ನು ಮತ್ತೆ ಮೇಲಿಟ್ಟಳು.

ಮಾರನೆಯ ದಿನ ಏರಿಯ ಮೇಲೆ ಹೋಗುತ್ತಿದ್ದ ಮಂದೆ ಇದ್ದಕ್ಕಿದ್ದಂತೆ ಆಚೆಗೆ ಇಳಿಯಿತು. ಮುಂದಿನ ಟಗರು ಹಳೆಯ ದಾರಿ ಹಿಡಿದಿತ್ತು, ಉಳಿದವು ಅದರ ಹಿಂದೆ. ಕಾಳಯ್ಯ ಕೂಗಿದರೂ ನಿಲ್ಲಲಿಲ್ಲ. ಅವನು ಏದುಸಿರು ಬಿಡುತ್ತಾ ಹನುಮಂತಯ್ಯನ ಹೊಲಕ್ಕೆ ಬರುವಷ್ಟರಲ್ಲಿ ಕುರಿಗಳು ಹುಣಸೆ ಮರದ ಬುಡದಲ್ಲಿ ಮುತ್ತಿಕೊಂಡು ಏನೋ ಮೇಯುತ್ತಿದ್ದವು. ಚೆಂಡು ಹೂವು. ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ಉರಿದು ಮುಗಿದ ಊದುಕಡ್ಡಿ.

ಆ ಹೊಲದಲ್ಲಿ ಹೊರಗಿನವರನ್ನು ಹೂಳುವುದಿಲ್ಲ. ಕಾಳಯ್ಯನ ಕೈಯಿಂದ ಕೋಲು ಬಿತ್ತು.

ಬದುವಿನ ಮೇಲೆ ಅಶ್ವಥ ನಿಂತಿದ್ದ. ಕಣ್ಣು ಊದಿತ್ತು.

"ಮಣ್ಣಾಕಕ್ಕೆ ಬರ್ನಿಲ್ಲ, ಹೂ ಮೇಯ್ಸಕ್ಕೆ ಬಂದ್ಯಾ ಮಾವ?"

"ಯಾರೂ ಯೋಳಿ ಕಳಿಸ್ನಿಲ್ವಲ್ಲ ಮಗ."

"ಗ್ರೂಪಿಗೆ ಆಕಿದ್ದೆ. ಅಪ್ಪನ ಫೋಟೊ ಸಮೇತ. ಎಲ್ರೂ ನೋಡಿದ್ರು, ನಿಮ್ಮೂರೋರು ಒಬ್ರೂ ಬರ್ನಿಲ್ಲ ಅನ್ಕೊಂಡೆ."

ಕಾಳಯ್ಯ ಜೇಬಿನಿಂದ ಫೋನು ತೆಗೆದು ಅವನ ಕೈಗಿಟ್ಟ. ಅಶ್ವಥ ಹುಡುಕಿ ನೋಡಿದ, ಕಾಳಯ್ಯ ಗ್ರೂಪಿನಲ್ಲೇ ಇರಲಿಲ್ಲ. ಫೋನು ವಾಪಸು ಕೊಟ್ಟ. ಕಾಳಯ್ಯ ಒಂದು ಹಿಡಿ ಮಣ್ಣು ತೆಗೆದು ಗುಡ್ಡೆಯ ಮೇಲೆ ಹಾಕಿದ. ಮುಖ ನೋಡಿ ಹಾಕಬೇಕಾದ ಮಣ್ಣು. ಅದನ್ನು ಸವರುತ್ತಾ ಅಲ್ಲೇ ಕುಸಿದು ಕೂತ.

ಮಧ್ಯಾಹ್ನ ಮಂದೆದೊಡ್ಡಿಯ ನಡುಬೀದಿಯಲ್ಲಿ ಗಂಡ ಹೆಂಡತಿ ಹೊರಟರು. ಸರಸಮ್ಮನ ತಲೆಯ ಮೇಲೆ ಮುದ್ದೆಯ ಕುಕ್ಕೆ, ಕಾಳಯ್ಯನ ಕೈಯಲ್ಲಿ ಹುರುಳಿ ಸಾರಿನ ತಪ್ಪಲೆ. ಬೈರೇಶ ಕಟ್ಟೆಯಿಂದ ಇಳಿದು ಅಡ್ಡ ನಿಂತ. ಕರೆಯದ ಊರಿಗೆ ಹೋದರೆ ದೊಡ್ಡಿಯ ಮರ್ಯಾದೆ ಏನಾಗಬೇಕು ಎಂದ.

"ನಾನು ಸಂಘ ಬುಟ್ಟಿವ್ನಿ ಕಣಪ್ಪ" ಎಂದ ಕಾಳಯ್ಯ. "ಹನುಮಂತುನ್ನ ಬುಡ್ತೀನಿ ಅಂತ ಚೀಟಿಲಿ ಎಲ್ಲಿತ್ಲಾ?"

ಬೈರೇಶ ಪಕ್ಕಕ್ಕೆ ಸರಿದ.

ಹನುಮಂತಯ್ಯನ ಮನೆಯ ಒಲೆಯಲ್ಲಿ ಬೂದಿ ತಣ್ಣಗಿತ್ತು. ಅವನ ಹೆಂಡತಿ ಚಿನ್ನಮ್ಮ ಗೋಡೆಗೊರಗಿ ಕೂತಿದ್ದಳು. ಮಗ ಮಾಗಡಿಯಿಂದ ತಂದ ಇಡ್ಲಿ ಪೊಟ್ಟಣ ಬಿಚ್ಚದೆ ಪಕ್ಕದಲ್ಲಿತ್ತು. ಸರಸಮ್ಮ ಮುದ್ದೆ ಮುರಿದು ತಟ್ಟೆಗಿಟ್ಟಳು. ಚಿನ್ನಮ್ಮ ಕಾಳಯ್ಯನ ಕಡೆ ನೋಡಿದಳು.

"ಬೇಲಿ ಆಕುಸ್ತೀನಿ ಅಂತ ಹುಡ್ಗ ಕುಣಿದ ಕಾಳಣ್ಣ. ಅವರು ಬುಡ್ನಿಲ್ಲ. ಕುರಿ ಬತ್ತವೆ, ದಾರಿ ಇರ್ಲಿ ಅಂದ್ರು."

ಕಾಳಯ್ಯ ಹೆಗಲ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಸಾರು ಆರುತ್ತದೆ ತಿನ್ನು ಎಂದು ಸರಸಮ್ಮ ಮೆಲ್ಲಗೆ ಹೇಳಿದಳು. ಚಿನ್ನಮ್ಮ ಮೊದಲ ತುತ್ತು ನುಂಗಿದಳು.

ಹೊತ್ತು ಮುಳುಗುವ ಮುಂಚೆ ಮಂದೆ ಆ ಹೊಲಕ್ಕೆ ಬಂತು. ಗುಡ್ಡೆಯ ಸುತ್ತ ಮುಳ್ಳು ಕಟ್ಟಿದವನು ಅಶ್ವಥ. ಮಂದೆ ತಂಗಿದ್ದಕ್ಕೆ ಬರಬೇಕಾದ ರಾಗಿಯನ್ನು ಆ ವರ್ಷ ಕಾಳಯ್ಯ ಮುಟ್ಟಲಿಲ್ಲ.

ಸಂಘ ಇವತ್ತಿಗೂ ಒಂದಾಗಿಲ್ಲ. ಎರಡೂರಿಗೆ ಎರಡು ಡೈರಿ, ಬಸ್ಸೂ ಅಷ್ಟಿಷ್ಟು ವಾಲುತ್ತದೆ. ಆದರೆ ತಮಟೆ ಕೇಳಿಸಿದರೆ ದೊಡ್ಡಿಯಲ್ಲಿ ಯಾರೂ ಹೇಳಿ ಕಳಿಸಲಿ ಎಂದು ಕೂರುವುದಿಲ್ಲ, ಹಿಟ್ಟಿನ ಡಬ್ಬ ತಾನಾಗಿ ಇಳಿಯುತ್ತದೆ.

ನಂಬಿಕೆ ಬಾರದವರು ಹೋಗಿ ನೋಡಿ. ಬರಿಗೈಯಲ್ಲಿ ಹೋಗಬೇಡಿ. ಚಿನ್ನಮ್ಮನಿಗೆ ಎಲೆ ಅಡಿಕೆ, ಕಾಳಯ್ಯನಿಗೆ ಒಂದು ಕಟ್ಟು ಬೀಡಿ, ಇಷ್ಟು ಹೇಳಿ ಒಣಗಿದ ಈ ಬಾಯಿಗೆ ಒಂದು ಟೀ. ಟೀ ಮೊದಲು ಬರಲಿ. ಹಾಲು ಯಾವ ಡೈರಿಯದ್ದಾದರೂ ಆದೀತು.